ಮೊಸರನ್ನ ಕೆಡಿಸಿದ ಚಿತ್ರ

ನಮ್ಮಕ್ಕನ ಮಗನಿಗೆ ಚಿಕ್ಕಂದಿನಲ್ಲಿ ಪದೇ ಪದೇ ಗಂಟಲು ನೋವು ಬರುತ್ತಿತ್ತು. ಹಿಂದೆಯೇ ಕೀಲುಗಳು ಊದಿಕೊಂಡು ಜ್ವರ. ಅದು ರುಮ್ಯಾಟಿಕ್ ಜ್ವರ, ಹೃದಯದ ಕವಾಟವನ್ನೇ ಹಾಳು ಮಾಡಿದೆ ಎಂದು ಗೊತ್ತಾಗುವ ಹೊತ್ತಿಗೆ ಅವನು ಕಾಲೇಜು ಮುಗಿಸಿದ್ದ. ಕೊನೆಗೆ ಲೋಹದ ಕವಾಟ ಹಾಕಿದರು. ರಾತ್ರಿ ಅವನ ಪಕ್ಕ ಮಲಗಿದರೆ ಅದರ ಟಿಕ್ ಟಿಕ್ ಕೇಳಿಸುತ್ತದೆ.

ಮೂರು ವರ್ಷ ಚೆನ್ನಾಗಿದ್ದ. ಆಮೇಲೆ ಬಿಡದ ಜ್ವರ ಹಿಡಿಯಿತು. ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಿಬಿಟ್ಟಿದ್ದರಿಂದ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಎಕೋ ಮಾಡಿದರೆ ಲೋಹಕ್ಕೆ ಬಡಿದ ಶಬ್ದದ ಅಲೆಗಳು ಹಿಂತಿರುಗಿ, ಕವಾಟದ ಹಿಂದೆಲ್ಲ ನೆರಳು. ಸೋಂಕು ಕವಾಟಕ್ಕೇ ತಗುಲಿದ್ದರೆ ಮತ್ತೆ ಎದೆ ತೆರೆಯಬೇಕಾಗಬಹುದು, ಇಲ್ಲದಿದ್ದರೆ ಸುಮ್ಮನೆ ಕೊಯ್ಯುವಂತಿಲ್ಲ. ಡಾಕ್ಟರು ಪೆಟ್-ಸಿಟಿ ಪರೀಕ್ಷೆ ಬರೆದರು.

ಇದರ ತತ್ವ ಸರಳ. ಗ್ಲೂಕೋಸಿನಂಥ ಒಂದು ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಅಂಟಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಸೋಂಕಿದ್ದ ಕಡೆ ಮುತ್ತಿಕೊಂಡ ಬಿಳಿ ರಕ್ತಕಣಗಳು ಹಸಿದವರಂತೆ ಅದನ್ನು ಹೀರುತ್ತವೆ, ಆದರೆ ಪೂರ್ತಿ ಅರಗಿಸಲಾರವು. ಅದು ಅಲ್ಲೇ ಉಳಿಯುತ್ತದೆ. ಹೊರಬಂದ ಪಾಸಿಟ್ರಾನ್ ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಇಲ್ಲವಾದಾಗ ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣ ಹೊರಡುತ್ತವೆ. ಯಂತ್ರ ಅವನ್ನು ಹಿಡಿದು ಜಾಗ ಗುರುತಿಸುತ್ತದೆ. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ, ಹಾಗಾಗಿ ತಂದಿಟ್ಟುಕೊಂಡು ನಾಳೆ ಬಳಸುವ ಮಾತೇ ಇಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘ 2015ರಲ್ಲಿ ಕೃತಕ ಕವಾಟದ ಸೋಂಕು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಇದನ್ನೂ ಸೇರಿಸಿತು.

ಇಷ್ಟೆಲ್ಲ ಬಲ್ಲ ನಾನು ಎಡವಿದ್ದು ಊಟದಲ್ಲಿ. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಹಿಂದಿನ ದಿನವೆಲ್ಲ ಅನ್ನ, ಮುದ್ದೆ, ಹಣ್ಣು, ಹಾಲು, ಸಕ್ಕರೆ ಬೇಡ; ಮೊಟ್ಟೆ, ಪನೀರು, ತುಪ್ಪ ಆಗಬಹುದು; ಆಮೇಲೆ ಹನ್ನೆರಡು ಗಂಟೆಗೂ ಮೀರಿ ಉಪವಾಸ ಎಂದು ಬರೆದಿತ್ತು. ನನಗೆ ಉಪವಾಸ ಮಾತ್ರ ಮುಖ್ಯವೆನಿಸಿತು. "ಹನ್ನೆರಡು ಗಂಟೆ ಏನೂ ತಿನ್ನಬಾರದಂತೆ, ಈಗಲೇ ಹೊಟ್ಟೆ ತುಂಬ ಮೊಸರನ್ನ ಹಾಕಕ್ಕ" ಎಂದೆ. ಅಕ್ಕ ಮೇಲೊಂದು ಬಾಳೆಹಣ್ಣನ್ನೂ ಕೊಟ್ಟಳು.

ಮಾರನೆಯ ದಿನದ ಚಿತ್ರದಲ್ಲಿ ಹೃದಯದ ಸ್ನಾಯುವೆಲ್ಲ ಕೆಂಡದಂತೆ ಹೊಳೆಯುತ್ತಿತ್ತು. ಪಕ್ಕದ ಕವಾಟದಲ್ಲಿ ಏನಿದೆಯೋ ಹೇಳುವಂತಿಲ್ಲ. "ನಿನ್ನೆ ಏನು ತಿಂದಿದ್ರಿ?" ಎಂದು ಡಾಕ್ಟರು ಅವನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ಹೃದಯದ ಸ್ನಾಯು ಸಕ್ಕರೆಯನ್ನೂ ಸುಡುತ್ತದೆ, ಕೊಬ್ಬನ್ನೂ ಸುಡುತ್ತದೆ. ಪಿಷ್ಟ ತಪ್ಪಿಸಿ ಕೊಬ್ಬು ಕೊಟ್ಟು ಉಪವಾಸವಿಟ್ಟರೆ ಅದು ಸಕ್ಕರೆಯ ಗೊಡವೆ ಬಿಟ್ಟು ಕತ್ತಲಾಗುತ್ತದೆ. ಆಗ ಸೋಂಕಿನ ಬೆಳಕು ಕಾಣುತ್ತದೆ. ಚೀಟಿಯ ಅರ್ಥ ಅದಾಗಿತ್ತು.

ದುಡ್ಡು ಹೋದದ್ದಿರಲಿ, ನಾಲ್ಕು ದಿನ ಹೋಯಿತು. ಅಷ್ಟೂ ರಾತ್ರಿ ಅವನಿಗೆ ಜ್ವರ, ನನಗೆ ನಿದ್ದೆಯಿಲ್ಲ. ಎರಡನೆಯ ಸಲ ಮೊಟ್ಟೆ ಬೇಯಿಸುವಾಗ ಅಕ್ಕ ಒಂದು ಮಾತೂ ಆಡಲಿಲ್ಲ.

ಈ ಬಾರಿ ಹೃದಯ ಕಪ್ಪಗಿತ್ತು. ಕವಾಟದ ಉಂಗುರದ ಒಂದು ಬದಿಯಲ್ಲಿ ಮಾತ್ರ ಪ್ರಖರ ಚುಕ್ಕೆ. ಉಳಿದ ಪರೀಕ್ಷೆಗಳನ್ನೂ ಜೊತೆಗಿಟ್ಟು ನೋಡಿ ಶಸ್ತ್ರಚಿಕಿತ್ಸೆ ಮಾಡಿದರು. ವಾರಗಟ್ಟಲೆ ಇಂಜೆಕ್ಷನ್ ಆದಮೇಲೆ ಮನೆಗೆ ಬಂದ.

ಮೊನ್ನೆ ಅವನಿಗೊಂದು ಹಲ್ಲು ಕೀಳಿಸಬೇಕಾಯಿತು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಕವಾಟದ ಮೇಲೆ ಕೂರಬಹುದೆಂದು, ಕೀಳುವ ಮುಂಚೆ ನುಂಗಲು ಆಂಟಿಬಯಾಟಿಕ್ ಬರೆದಿದ್ದರು. ಚೀಟಿಗೆ ನಾನು ಕೈ ಚಾಚಿದೆ.

"ನೀನಿರಪ್ಪ" ಎಂದು ಅಕ್ಕ ಕನ್ನಡಕ ಹಾಕಿಕೊಂಡಳು.