ಊಟದ ಸರದಿ

ಪರವೂರಿನವನನ್ನು ಊರೆಲ್ಲ ಹಂಚಿಕೊಂಡು ಸಾಕುವ ಪದ್ಧತಿ ನಮ್ಮ ಹಿರಿಯರಿಗೆ ಹೊಸದಲ್ಲ. ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ದೊಡ್ಡವರಾದ ಕಥೆಗಳು ನಮ್ಮಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜಿನ ದಕ್ಷಿಣ ತುದಿಯ ಟೊಲೇಡೊ ಜಿಲ್ಲೆಗೆ ಹೋದಾಗ ನನಗೆ ಸಿಕ್ಕಿದ್ದೂ ಒಂದು ಬಗೆಯ ವಾರಾನ್ನವೇ. ಅಲ್ಲಿನ ಕೆಲವು ಮಾಯಾ ಹಳ್ಳಿಗಳಲ್ಲಿ ಕಾಡು ನೋಡಲು ಬಂದವರಿಗೆ ಬೆಳಗಿನ ತಿಂಡಿ ಒಂದು ಮನೆಯಲ್ಲಿ, ಮಧ್ಯಾಹ್ನದ ಊಟ ಇನ್ನೊಂದರಲ್ಲಿ, ರಾತ್ರಿಯದು ಮತ್ತೊಂದರಲ್ಲಿ. ಮಲಗುವುದಕ್ಕೆ ಊರವರೇ ಸೇರಿ ಕಟ್ಟಿದ, ತಾಳೆಗರಿ ಹೊದೆಸಿದ ಅತಿಥಿಗೃಹ. ಕಾಡು ತೋರಿಸುವವರಿಗೂ ಸರದಿ ಉಂಟು. ಉಂಡವರು ದುಡ್ಡು ಕೊಡುತ್ತಾರೆ. ಅಡುಗೆ ಮಾಡಿದವರಿಗೆ ಅವರ ಪಾಲು, ದಾರಿ ತೋರಿಸಿದವರಿಗೆ ಅವರ ಪಾಲು, ಒಂದಂಶ ಊರಿನ ನಿಧಿಗೆ.

ಟೊಲೇಡೊ ಇಕೋಟೂರಿಸಂ ಅಸೋಸಿಯೇಷನ್ ಎಂಬ ಹಳ್ಳಿಗರದೇ ಸಂಘ 1990ರಲ್ಲಿ ಈ ವ್ಯವಸ್ಥೆ ಶುರು ಮಾಡಿತು. ಪ್ರವಾಸೋದ್ಯಮದ ಬಗ್ಗೆ ನಾನು ಓದಿದ್ದರಲ್ಲೆಲ್ಲ ಇಷ್ಟು ವಿವೇಕದ ಏರ್ಪಾಡು ಇನ್ನೊಂದಿಲ್ಲ. ಸಾಮಾನ್ಯವಾಗಿ ಏನಾಗುತ್ತದೆ? ರಸ್ತೆ ಬದಿಯಲ್ಲಿ ಮನೆಯಿದ್ದವನಿಗೆ, ಇಂಗ್ಲಿಷ್ ಬಲ್ಲವನಿಗೆ, ಕೈಯಲ್ಲಿ ನಾಲ್ಕು ಕಾಸು ಇದ್ದವನಿಗೆ ಬಂದವರೆಲ್ಲ ದಕ್ಕುತ್ತಾರೆ. ಕಾಡು ಎಲ್ಲರದು, ಅದರ ಹೆಸರಿನ ಸಂಪಾದನೆ ಒಬ್ಬನದು ಎಂದಾದರೆ ಪಕ್ಕದ ಮನೆಯವನು ಆ ಕಾಡನ್ನು ಯಾಕೆ ಕಾಯಬೇಕು? ಸರದಿ ಪದ್ಧತಿಯಲ್ಲಿ ಊರಿನ ಕೊನೆಯ ಮನೆಯ ಒಲೆಗೂ ಅತಿಥಿ ಬಂದೇ ಬರುತ್ತಾನೆ.

ಆ ಒಲೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನಿದ್ದದ್ದು ಲಗುನಾ ಎಂಬ ಕೆಕ್ಚಿ ಮಾಯಾ ಹಳ್ಳಿಯಲ್ಲಿ. ಕತ್ತಲಿರುವಾಗಲೇ ಕಾಡಿನ ಕಡೆಯಿಂದ ಹೌಲರ್ ಕೋತಿಗಳ ಗರ್ಜನೆ ಶುರುವಾಗುತ್ತಿತ್ತು. ಅಷ್ಟು ಹೊತ್ತಿಗೆ ಮನೆಯೊಡತಿ ಜೋಳ ಅರೆಯುತ್ತ ಕೂತಿರುತ್ತಿದ್ದರು. ಮುಸುಕಿನ ಜೋಳವನ್ನು ಹಿಂದಿನ ದಿನವೇ ಸುಣ್ಣ ಹಾಕಿ ಬೇಯಿಸಿ ನೆನೆಯಲು ಬಿಟ್ಟಿರುತ್ತಾರೆ. ಬೆಳಿಗ್ಗೆ ತೊಳೆದರೆ ಸಿಪ್ಪೆ ಜಾರಿಹೋಗುತ್ತದೆ. ನುಣ್ಣಗೆ ಅರೆದ ಹಿಟ್ಟಿನಿಂದ ನಿಂಬೆಗಾತ್ರಕ್ಕಿಂತ ತುಸು ದೊಡ್ಡ ಉಂಡೆ ಕಿತ್ತು, ಬಾಳೆಲೆಯ ತುಂಡಿನ ಮೇಲಿಟ್ಟು, ಬಲಗೈ ಬೆರಳುಗಳಿಂದ ತಟ್ಟುತ್ತ ಎಡಗೈಯಿಂದ ಅಂಚು ಸರಿಪಡಿಸುತ್ತ ಎಲೆಯನ್ನು ತಿರುಗಿಸುತ್ತಾರೆ. ಕಾವಲಿಗೆ ಹಾಕಿ ಎರಡು ಸಲ ಮಗುಚಿದ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಟೋರ್ಟಿಯಾ ಉಬ್ಬಿ ನಿಲ್ಲುತ್ತದೆ. ಬಟ್ಟೆ ಸುತ್ತಿ ಸೋರೆಬುರುಡೆಯೊಳಗಿಟ್ಟರೆ ಊಟ ಮುಗಿಯುವವರೆಗೂ ಬಿಸಿ ಆರುವುದಿಲ್ಲ.

ಆ ಸುಣ್ಣದ ಹಿಂದೆ ದೊಡ್ಡ ಜ್ಞಾನವಿದೆ. ಜೋಳದಲ್ಲಿರುವ ನಿಯಾಸಿನ್ ಎಂಬ ಬಿ ಜೀವಸತ್ವ ಹಾಗೇ ತಿಂದರೆ ನಮ್ಮ ಮೈಗೆ ಹತ್ತುವುದಿಲ್ಲ. ಸುಣ್ಣದಲ್ಲಿ ಬೆಂದಾಗ ಬಿಡಿಸಿಕೊಂಡು ಬರುತ್ತದೆ. ಯುರೋಪಿನವರು ಜೋಳವನ್ನು ಕೊಂಡೊಯ್ದರು, ಸುಣ್ಣವನ್ನು ಇಲ್ಲಿಯೇ ಬಿಟ್ಟರು. ಜೋಳವನ್ನೇ ನೆಚ್ಚಿಕೊಂಡಿದ್ದ ಇಟಲಿ, ಸ್ಪೇನುಗಳ ಬಡವರು ಪೆಲಾಗ್ರ ಕಾಯಿಲೆಯಿಂದ ತಲೆಮಾರುಗಟ್ಟಲೆ ನರಳಿದರು. ಈ ಹೊಗೆ ಕವಿದ ಅಡುಗೆಮನೆಯಲ್ಲಿ ಕೂತು ಉಣ್ಣುವಾಗ ಆ ಬಡವರ ನೆನಪಾಗಿ ಸಂಕಟವಾಯಿತು.

ಕಾಡಿಗೆ ಕರೆದೊಯ್ದ ಹುಡುಗ ಮಚ್ಚು ಹಿಡಿದು ಮುಂದೆ ನಡೆದ. ಪ್ರವಾಸಿಗಳಿಗೆ ಮನುಷ್ಯರು ಕಾಲಿಡದ ಕಾಡು ಬೇಕು. ಅವನು ತೋರಿಸಿದ ಕಾಡಿನಲ್ಲಿ ಮನುಷ್ಯರಿಗೆ ಬೇಡವಾದ ಮರವೇ ಅಪರೂಪ. ಮಾಡಿಗೆ ಹೊದೆಸುವ ಕೊಹೂನ್ ತಾಳೆ, ದೇವರ ಮುಂದೆ ಹೊಗೆ ಹಾಕುವ ಕೋಪಾಲ್ ಅಂಟು, ಬುಟ್ಟಿ ಹೆಣೆಯುವ ಜಿಪ್ಪಿಜಾಪ್ಪ. ದೊಡ್ಡದೊಂದು ಮರದ ತೊಗಟೆಯಲ್ಲಿ ಹಳೆಯ ಕಚ್ಚುಗಳು ಓರೆಯಾಗಿ ಮೇಲಿನವರೆಗೂ ಹೋಗಿದ್ದವು. ಅದು ನಮ್ಮ ಚಿಕ್ಕು ಮರ! ಹಿಂದೆ ಚೂಯಿಂಗ್ ಗಮ್‌ಗಾಗಿ ಅದರ ಹಾಲು ಇಳಿಸುತ್ತಿದ್ದರಂತೆ. ನಾವು ಹಣ್ಣು ತಿಂದು ಬೀಜ ಉಗುಳುವ ಗಿಡದ ತವರು ಇದು.

ಈ ಹಳ್ಳಿಗರಲ್ಲಿ ಎಷ್ಟೋ ಮಂದಿಯ ಹಿರಿಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗ್ವಾಟೆಮಾಲಾದ ತೆರಿಗೆ, ಬಿಟ್ಟಿ ಚಾಕರಿ, ಕಾಫಿ ತೋಟಗಳ ಕಾಟ ತಾಳಲಾರದೆ ಗಡಿ ದಾಟಿ ಬಂದವರು. ಜಮೀನು ಊರಿನದು. ಅಲ್ಕಾಲ್ಡೆ ಎಂಬ ಊರ ಮುಖಂಡನನ್ನು ತಾವೇ ಆರಿಸುತ್ತಾರೆ. ಅವನು ಕರೆದ ದಿನ ಮನೆಗೊಬ್ಬರು ಬಂದು ದಾರಿ ಸವರಿ, ಹುಲ್ಲು ಕೊಚ್ಚಿ ಹೋಗಬೇಕು. 1990ರ ದಶಕದಲ್ಲಿ ಸರ್ಕಾರ ಈ ಕಾಡಿನಲ್ಲಿ ಮರ ಕಡಿಯಲು ಹೊರಗಿನವರಿಗೆ ಪರವಾನಗಿ ಕೊಟ್ಟಾಗ ಹಳ್ಳಿಗರು ತಮ್ಮ ನೆಲದ ನಕ್ಷೆಯನ್ನು ತಾವೇ ಬರೆದರು. ಅದು 1997ರಲ್ಲಿ ‘ಮಾಯಾ ಅಟ್ಲಾಸ್’ ಎಂಬ ಪುಸ್ತಕವಾಗಿ ಬಂತು. ಭೂಹಕ್ಕಿನ ಮೊಕದ್ದಮೆಯಲ್ಲಿ 2007ರಲ್ಲಿ ಬೆಲೀಜಿನ ಮುಖ್ಯ ನ್ಯಾಯಮೂರ್ತಿ ಅಬ್ದುಲೈ ಕಾಂಟೆ ಎರಡು ಹಳ್ಳಿಗಳ ಪರ ತೀರ್ಪಿತ್ತರು. 2015ರಲ್ಲಿ ಕೆರಿಬಿಯನ್ ಕೋರ್ಟ್ ಆಫ್ ಜಸ್ಟಿಸ್ ಟೊಲೇಡೊದ ಮಾಯಾ ಹಳ್ಳಿಗಳೆಲ್ಲದರ ಸಾಂಪ್ರದಾಯಿಕ ಭೂಹಕ್ಕನ್ನು ಎತ್ತಿಹಿಡಿಯಿತು. ನೆಲ ಹಂಚಿ ಬದುಕಿದವರಿಗೆ ಅತಿಥಿಯನ್ನು ಹಂಚಿಕೊಳ್ಳುವುದು ಕಷ್ಟವೆನಿಸದಿದ್ದರೆ ಆಶ್ಚರ್ಯವೇನಿಲ್ಲ.

ರಾತ್ರಿಯೂಟದ ಮನೆಯ ಯಜಮಾನರಿಗೆ ಕೋಕೋ ತೋಟವಿತ್ತು. ಹುರಿದ ಬೀಜ ಅರೆದು ಕರಿಮೆಣಸು ಹಾಕಿದ ಪಾನೀಯ ಕೊಟ್ಟರು. ನಾನು ಪುತ್ತೂರು ಕಡೆಯವನು, ನಮ್ಮ ಅಡಿಕೆ ತೋಟದ ನೆರಳಿನಲ್ಲೂ ಕೋಕೋ ಇದೆ ಎಂದದ್ದೇ ತಡ, ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅವರಲ್ಲಿ 1990ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಕಾಯಿಗಳು ಮರದಲ್ಲೇ ಕೊಳೆತವಂತೆ. 1994ರಲ್ಲಿ ಬ್ರಿಟನ್ನಿನ ಚಾಕೊಲೇಟ್ ಕಂಪನಿ ಗ್ರೀನ್ ಆ್ಯಂಡ್ ಬ್ಲ್ಯಾಕ್ಸ್‌ನವರು ಟೊಲೇಡೊದ ಕೋಕೋ ಹಾಕಿ ಮಾಯಾ ಗೋಲ್ಡ್ ಚಾಕೊಲೇಟ್ ತಂದರು. ಬ್ರಿಟನ್ನಿನಲ್ಲಿ, ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಕ್ಕಿದೆ ಎಂದು ಸಾರುವ ಫೇರ್‌ಟ್ರೇಡ್ ಮುದ್ರೆ ಪಡೆದ ಮೊದಲ ಸರಕು ಅದೇ. ನಾನು ನಮ್ಮ ಕಥೆ ಹೇಳಿದೆ: ಕೊಳ್ಳುತ್ತಿದ್ದವರು ಕೈಬಿಟ್ಟದ್ದು, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಖರೀದಿಗಿಳಿದದ್ದು, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಎದ್ದದ್ದು.

ಇಬ್ಬರ ಊರಿನಲ್ಲೂ ಮಳೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು. ಆ ಮಳೆಯಲ್ಲಿ ಬೀಜ ಹೇಗೆ ಒಣಗಿಸುತ್ತೀರಿ ಎಂದು ಅವರು ಕೇಳಿದರು. ನಾವು ಒಣಗಿಸುವುದಿಲ್ಲ, ಹಸಿ ಬೀಜವನ್ನೇ ಮಾರುತ್ತೇವೆ ಎಂದೆ. ಇಲ್ಲಿಯೂ ಈಗ ಹಸಿಬೀಜ ಕೊಳ್ಳುವವರಿದ್ದಾರೆ, ಆದರೆ ಹದವಾಗಿ ಹುಳಿ ಬರಿಸಿ ಒಣಗಿಸುವ ವಿದ್ಯೆ ಮಕ್ಕಳಿಗೆ ತಪ್ಪಿಹೋದೀತೆಂಬ ಚಿಂತೆ ಅವರದು. ಆಮೇಲೆ ಕಪ್ಪು ಕೊಳೆರೋಗದ ವಿಷಯ ಬಂತು. ಅದಾದ ಮೇಲೆ ಅಳಿಲು. ಮಾಗುವ ಮೊದಲೇ ಕಾಯಿ ಕೊರೆಯುವ ಅಳಿಲಿಗೆ ನೀವು ಏನು ಮಾಡುತ್ತೀರಿ ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. ಮನೆಯೊಡತಿ ಒಲೆಯ ಬಳಿಯಿಂದ ಜೋರಾಗಿ ನಕ್ಕರು.