ಅಮರಗೋಳದಿಂದ ಧಾರವಾಡಕ್ಕೆ: ಗಣಿತ ಓದಿದ ದಾರಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ನೀವು ಎಂದಾದರೂ ಈ ದಾರಿಯಲ್ಲಿ ಬಂದರೆ ಉಣಕಲ್ ಕೆರೆ, ಭೈರಿದೇವರಕೊಪ್ಪ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡಿ. ಲಾರಿಗಳ ಸಾಲು, ಚೀಲಗಳ ರಾಶಿ ಕಂಡರೆ ಅಮರಗೋಳ ಬಂತೆಂದು ತಿಳಿಯಿರಿ. ಹುಬ್ಬಳ್ಳಿಯ ಎ.ಪಿ.ಎಂ.ಸಿ. ಮಾರುಕಟ್ಟೆ ಇರುವುದು ಇಲ್ಲಿಯೇ. ಚಾಲುಕ್ಯ ಶೈಲಿಯ ಹಳೆಯ ಕಲ್ಲಿನ ಗುಡಿಗಳು, ಒಂದು ಸಣ್ಣ ರೈಲು ನಿಲ್ದಾಣ, ಪಕ್ಕದಲ್ಲಿ ನವನಗರ. 1962ರಲ್ಲಿ ಹುಬ್ಬಳ್ಳಿ-ಧಾರವಾಡಗಳು ಸೇರಿ ಒಂದೇ ಮಹಾನಗರ ಪಾಲಿಕೆಯಾದವು. ಅಮರಗೋಳ ಮಾತ್ರ ಈಗಲೂ ಅರ್ಧ ಹಳ್ಳಿ, ಅರ್ಧ ಪೇಟೆ.

ಮಾರುಕಟ್ಟೆಯೊಳಗೆ ಕಾಲಿಟ್ಟರೆ ಉಳ್ಳಾಗಡ್ಡಿ, ಶೇಂಗಾ, ಹೆಸರು, ಹತ್ತಿ, ಒಣಮೆಣಸಿನಕಾಯಿ. ಮೆಣಸಿನಕಾಯಿಯ ಘಾಟಿಗೆ ದುಪಟ್ಟಾ ಮೂಗಿಗೆ ಹಿಡಿದೇ ನಡೆಯಬೇಕು. ದಲಾಲಿ ಅಂಗಡಿಗಳ ಮುಂದೆ ಲಿಲಾವು, ತೂಕ, ಹಮಾಲಿ. ಕಿವಿಗೆ ಬೀಳುವುದೆಲ್ಲ ಲೆಕ್ಕವೇ. ನನ್ನ ಅಬ್ಬಾ ಇಂಥದೇ ಒಂದು ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಏಳನೇ ತರಗತಿಯವರೆಗೆ ಮಾತ್ರ ಓದಿದವರು. ಕ್ವಿಂಟಾಲಿನ ದರ ಹೇಳಿದರೆ ಮೂವತ್ತೇಳು ಕಿಲೋಗೆ ಎಷ್ಟಾಯಿತೆಂದು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದರು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಪಿ.ಯು.ಸಿ. ಮುಗಿಸಿದ ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದುತ್ತೇನೆ ಎಂದಾಗ ಅವರು ನಿಜವಾಗಿಯೇ ಅಚ್ಚರಿಪಟ್ಟರು. "ನಿನಗೆ ಲೆಕ್ಕ ಬರುತ್ತದಲ್ಲ ಬೇಟಿ, ಇನ್ನೂ ಮೂರು ವರ್ಷ ಏನು ಕಲಿಯುತ್ತೀ?" ಎಂದು ಕೇಳಿದರು.

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಉತ್ತರ ಬೇಕಾದರೆ ನನ್ನ ಜೊತೆ ಧಾರವಾಡದವರೆಗೆ ಬನ್ನಿ.

ಆಗ ಬೆಳಗಿನ ಬಸ್ಸಿಗಾಗಿ ರಸ್ತೆ ಬದಿ ಕಾಯಬೇಕಿತ್ತು. ಬಸ್ಸು ತುಂಬಿ ಬಂದರೆ ನಿಲ್ಲದೆ ಹೋಗುತ್ತಿತ್ತು. ಈಗ ರಸ್ತೆಯ ನಡುವೆ ಪ್ರತ್ಯೇಕ ಪಥವಿದೆ. ಅದರಲ್ಲಿ 2018ರಿಂದ ಚಿಗರಿ ಬಸ್ಸುಗಳು ಓಡುತ್ತಿವೆ. ನಮ್ಮ ಕಡೆ ಚಿಗರಿ ಎಂದರೆ ಜಿಂಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. 'ದಿನಾ ಬಸ್ಸಿನ ಖರ್ಚು ಯಾರು ಕೊಡಬೇಕು' ಎಂಬ ಮಾತಿನಿಂದಲೇ ನನ್ನ ಕಾಲದಲ್ಲಿ ಎಷ್ಟೋ ಹುಡುಗಿಯರ ಓದು ನಿಂತಿತ್ತು. ಈಗ ಆ ಮಾತಿಗೆ ಬಲವಿಲ್ಲ.

ನವನಗರ, ರಾಯಾಪುರ, ಸತ್ತೂರು, ನವಲೂರು ದಾಟಿದರೆ ಧಾರವಾಡ. ಮಳೆಗಾಲದಲ್ಲಿ ಬಂದರೆ ಗಾಳಿಯ ತಂಪೇ ಬೇರೆ. ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡವನ್ನು ತಪ್ಪದೆ ನೋಡಿ. ಅದು ಮೊದಲು ದಕ್ಷಿಣ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿಂದ ಮುಂದೆ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯವಿದು.

ಅದರ ವಿಳಾಸದಲ್ಲಿ 'ಪಾವಟೆ ನಗರ' ಎಂದಿರುತ್ತದೆ. ಈ ಪಾವಟೆಯವರು ಗಣಿತದವರು ಎಂಬುದು ಅನೇಕರಿಗೆ ಗೊತ್ತಿಲ್ಲ. ಡಿ.ಸಿ. ಪಾವಟೆಯವರು 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದ ಬಡ ರೈತ ಕುಟುಂಬದಲ್ಲಿ ಹುಟ್ಟಿದವರು. ಗಣಿತ ಓದಲು ಇಂಗ್ಲೆಂಡಿನ ಕೇಂಬ್ರಿಡ್ಜ್‌ವರೆಗೂ ಹೋದರು. ಅಲ್ಲಿ ಗಣಿತದ ಅಂತಿಮ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ 'ರ‍್ಯಾಂಗ್ಲರ್' ಎಂಬ ಗೌರವದ ಹೆಸರಿದೆ. ಪಾವಟೆಯವರು ಅದನ್ನು ಗಳಿಸಿ ಬಂದರು. 1954ರಿಂದ 1967ರವರೆಗೆ ಈ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಇದನ್ನು ಕಟ್ಟಿದರು. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಹಳ್ಳಿಯ ಒಬ್ಬ ಹುಡುಗನನ್ನು ಗಣಿತ ಎಲ್ಲಿಯವರೆಗೆ ಕರೆದೊಯ್ದಿತು ನೋಡಿ.

ಇನ್ನು ಅಬ್ಬಾ ಕೇಳಿದ ಪ್ರಶ್ನೆಗೆ ಬರೋಣ. ಮೂರು ವರ್ಷ ಕಲಿಯುವುದೇನು?

ಒಂದು ಜೋಳದ ರೊಟ್ಟಿ ತೆಗೆದುಕೊಳ್ಳಿ. ಅರ್ಧ ಮುರಿದು ಪಕ್ಕಕ್ಕಿಡಿ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಮುರಿಯುತ್ತಲೇ ಹೋಗಿ. ಪಕ್ಕಕ್ಕಿಟ್ಟ ತುಂಡುಗಳನ್ನೆಲ್ಲ ಕೂಡಿದರೆ ಎಷ್ಟು? ಪಿ.ಯು.ಸಿ.ಯಲ್ಲಿ ಸೂತ್ರ ಹಾಕಿ 'ಒಂದು' ಎಂದು ಬರೆದು ಅಂಕ ಪಡೆಯುತ್ತೇವೆ. ಪದವಿಯಲ್ಲಿ ಬೇರೆಯದೇ ಪ್ರಶ್ನೆ ಬರುತ್ತದೆ: ಎಂದೂ ಮುಗಿಯದ ಕೂಡಿಕೆಗೆ ಮೊತ್ತವಿದೆ ಎನ್ನಲು ನಿನಗೇನು ಆಧಾರ? 'ಒಂದರ ಹತ್ತಿರ ಹೋಗುತ್ತದೆ' ಎಂದರೆ ಸಾಲದು. ಎಷ್ಟು ಹತ್ತಿರ ಬೇಕೆಂದು ಯಾರು ಕೇಳಿದರೂ, ಅಷ್ಟು ಹತ್ತಿರ ತಲುಪಲು ಎಷ್ಟು ತುಂಡು ಸಾಕೆಂದು ತೋರಿಸಬೇಕು. ಇದೇ 'ರಿಯಲ್ ಅನಾಲಿಸಿಸ್'ನ ಬುನಾದಿ. ಕ್ಯಾಲ್ಕುಲಸ್, ಡಿಫರೆನ್ಶಿಯಲ್ ಈಕ್ವೇಶನ್, ಆಧುನಿಕ ಬೀಜಗಣಿತ ಎಂದು ಪಾಠಗಳು ಹಲವು. ಅವುಗಳ ನಡುವೆ ಹುಡುಗಿಗೆ ಹೊಸದಾಗಿ ಎದುರಾಗುವುದು 'ಯಾಕೆ?' ಎಂಬ ಒಂದೇ ಪ್ರಶ್ನೆ.

ನಾನು ಎಡವಿದ್ದೂ ಇಲ್ಲಿಯೇ. ಪ್ರಮೇಯಗಳನ್ನು ಬಾಯಿಪಾಠ ಮಾಡಿದೆ. ಎರಡನೇ ವರ್ಷ ಒಂದು ಪೇಪರಿನಲ್ಲಿ ನಪಾಸಾದೆ. ಸುದ್ದಿ ಕೇಳಿ ಚಾಚಾ ಮನೆಗೆ ಬಂದರು. ಒಳ್ಳೆಯ ಸಂಬಂಧವಿದೆ, ಓದಿದ್ದು ಸಾಕು ಎಂದರು. ಅಬ್ಬಾ ಸುಮ್ಮನೆ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಅಳುತ್ತಿದ್ದೆ.

ಆ ಸಂಜೆ ಅಮ್ಮಿ ಕೌದಿ ಹೊಲಿಯಲು ಹಳೆಯ ಬಟ್ಟೆಯ ಚೌಕ ತುಂಡುಗಳನ್ನು ನೆಲದ ಮೇಲೆ ಜೋಡಿಸುತ್ತಿದ್ದರು. ಮೂಲೆಯಲ್ಲಿ ಒಂದು ಕೆಂಪು ತುಂಡು. ಅದರ ಎರಡು ಬದಿಗೆ ಮೂರು ಹಸಿರು ತುಂಡು ಇಟ್ಟರು. ಒಟ್ಟು ನಾಲ್ಕು, ಮತ್ತೆ ಚೌಕ. ಅದಕ್ಕೆ ಐದು ನೀಲಿ. ಒಟ್ಟು ಒಂಬತ್ತು, ಮತ್ತೆ ಚೌಕ. ಆಮೇಲೆ ಏಳು; ಹದಿನಾರು. ನಾನು ಅಳು ನಿಲ್ಲಿಸಿ ನೋಡಿದೆ. ಒಂದರಿಂದ ಶುರುಮಾಡಿ ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ಯಾವಾಗಲೂ ವರ್ಗಸಂಖ್ಯೆಯೇ ಬರುತ್ತದೆ ಎಂಬುದನ್ನು ನಾನು ಪರೀಕ್ಷೆಗೆಂದು ಉರುಹೊಡೆದಿದ್ದೆ. "ಅಮ್ಮಿ, ಮುಂದಿನ ಸಲವೂ ಚೌಕವೇ ಆಗುತ್ತದೆ ಎಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಎರಡು ಬದಿಗೂ ಒಂದೊಂದು ಸಾಲು ಸುತ್ತಿ ಬರುತ್ತದೆ, ಮೂಲೆಗೆ ಒಂದು ತುಂಡು ಬೀಳುತ್ತದೆ. ಪ್ರತಿ ಸಲ ಎರಡು ತುಂಡು ಹೆಚ್ಚು ಬೇಕು. ಕೌದಿ ಎಷ್ಟು ದೊಡ್ಡದಾದರೂ ಅಷ್ಟೇ." ಶಾಲೆಯ ಮೆಟ್ಟಿಲು ಹತ್ತದ ನನ್ನ ತಾಯಿ ಸಾಧನೆ ಕೊಟ್ಟಿದ್ದರು. ಕಾಗದದ ಮೇಲೆ ನಾನು ಬರೆಯಬೇಕಿದ್ದುದೂ ಇದನ್ನೇ.

ಮರುದಿನ ಅಮ್ಮಿ ಮನೆಯಲ್ಲಿ ಒಂದು ಕಟ್ಟಳೆ ಮಾಡಿದರು. ಫಜ್ರ್ ನಮಾಜಿನಿಂದ ಎಂಟು ಗಂಟೆಯವರೆಗೆ ನನ್ನನ್ನು ಯಾರೂ ಕರೆಯಕೂಡದು. ನೀರು ತುಂಬುವುದು, ರೊಟ್ಟಿ ತಟ್ಟುವುದು ಅವರದು ಮತ್ತು ಅಣ್ಣನದು. ಆ ಎರಡು ಗಂಟೆಯಲ್ಲಿ ಕೆಲವು ದಿನ ಒಂದೇ ಲೆಕ್ಕ ಬಿಡಿಸಿದ್ದೇನೆ. ಕೆಲವು ದಿನ ಒಂದೂ ಇಲ್ಲ. ಮುಂದಿನ ಪರೀಕ್ಷೆಯಲ್ಲಿ ಆ ಪೇಪರು ಪಾಸಾಯಿತು. ಪದವಿಯೂ ಮುಗಿಯಿತು. ಇಂದು ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಉರ್ದು ಶಾಲೆಯಲ್ಲಿ 'ಮುಸಲ್ಲಸ್' ಎಂದು ಕಲಿತದ್ದು ಕನ್ನಡದಲ್ಲಿ ತ್ರಿಭುಜ, ಕಾಲೇಜಿನಲ್ಲಿ ಟ್ರಯಾಂಗಲ್. ಮೊದಲ ಕೆಲವು ತಿಂಗಳು ಮಕ್ಕಳು ಗಣಿತಕ್ಕಿಂತ ಇಂಗ್ಲಿಷಿಗೇ ಹೆದರುತ್ತಾರೆ. ಅವರಿಗೆ ಈ ಸಂಗತಿ ಹೇಳಿ: ಆಲ್ಜೀಬ್ರಾ ಎಂಬ ಇಂಗ್ಲಿಷ್ ಪದವೇ ಅರಬಿಯ 'ಅಲ್ ಜಬ್ರ್'ನಿಂದ ಬಂದದ್ದು. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಲ್ಲಿ ಆ ಪದವಿದೆ. ಗ್ರಂಥದ ದೊಡ್ಡದೊಂದು ಭಾಗ ವಾರಸುದಾರರಿಗೆ ಆಸ್ತಿ ಪಾಲು ಮಾಡುವ ಲೆಕ್ಕಗಳಿಗೇ ಮೀಸಲು. ಮಗಳಿಗೆಷ್ಟು, ಮಗನಿಗೆಷ್ಟು, ತಾಯಿಗೆಷ್ಟು ಎಂಬ ಮನೆಯ ಪ್ರಶ್ನೆಗಳಿಗೂ ಈ ವಿದ್ಯೆ ಬೇಕಾಗಿತ್ತು.

ನಮ್ಮ ಕಾಲದ ಮರಿಯಮ್ ಮಿರ್ಜಾಖಾನಿಯವರ ಹೆಸರನ್ನೂ ಹೇಳಿ. ಟೆಹರಾನಿನ ಈ ಹೆಣ್ಣುಮಗಳು 2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ. ಶಾಲೆಯಲ್ಲಿ ಒಂದು ವರ್ಷ ಅವರೂ ಗಣಿತದಲ್ಲಿ ಹಿಂದೆ ಬಿದ್ದಿದ್ದರು. ಮರುವರ್ಷ ಧೈರ್ಯ ತುಂಬುವ ಶಿಕ್ಷಕಿ ಸಿಕ್ಕರು. 2017ರಲ್ಲಿ, ನಲವತ್ತರ ವಯಸ್ಸಿನಲ್ಲೇ, ಅವರು ಕ್ಯಾನ್ಸರಿನಿಂದ ತೀರಿಕೊಂಡರು.

ತಾಯಂದಿರೇ, ಮಗಳಿಗೆ ಗಣಿತದ ಒಲವಿದ್ದರೆ ಕೆಲವು ವಿಷಯ ನೆನಪಿಡಿ. ನಿರ್ಧಾರ ಮಾಡಬೇಕಾದದ್ದು ಹತ್ತನೇ ತರಗತಿಯ ನಂತರವೇ; ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟರೆ ಬಿ.ಎಸ್ಸಿ. ಗಣಿತದ ಬಾಗಿಲು ಮುಚ್ಚುತ್ತದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಕ್ರಮವನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷ ಮಾಡಲಾಗಿದೆ. ಪದವಿಯ ಮೇಲೆ ಬಿ.ಎಡ್. ಮಾಡಿದರೆ ಶಿಕ್ಷಕಿಯಾಗಬಹುದು. ಎಂ.ಎಸ್ಸಿ. ಓದಬಹುದು, ಐ.ಐ.ಟಿ.ಗಳಲ್ಲಿ ಎಂ.ಎಸ್ಸಿ. ಸೇರಲು 'ಜ್ಯಾಮ್' ಎಂಬ ಪ್ರವೇಶ ಪರೀಕ್ಷೆಯಿದೆ. ಎಂ.ಸಿ.ಎ., ಬ್ಯಾಂಕಿನ ಪರೀಕ್ಷೆಗಳ ದಾರಿಯೂ ಇದೆ. ಈ ಓದಿಗೆ ದುಬಾರಿ ಸಲಕರಣೆ ಬೇಡ. ನೋಟುಬುಕ್ಕು, ಪೆನ್ನು, ಗ್ರಂಥಾಲಯದ ಪುಸ್ತಕ ಸಾಕು.

ಬೇಕಾದದ್ದು ಸಮಯ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಕಡಿಮೆ ಸಿಗುವುದೂ ಅದೇ. ಗಣಿತದ ಒಂದು ಯೋಚನೆ ನಡುವೆ ಕಡಿದುಹೋದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು. 'ಚಹಾ ಮಾಡು', 'ತಮ್ಮನನ್ನು ನೋಡು' ಎಂದು ಹತ್ತು ಸಲ ಕರೆದು, ಫಲಿತಾಂಶದ ದಿನ 'ಇವಳ ತಲೆಗೆ ಹತ್ತಲಿಲ್ಲ' ಎನ್ನುವುದು ನ್ಯಾಯವಲ್ಲ.

ಈಗ ಸಂಜೆಯ ಬಸ್ಸಿನಲ್ಲಿ ಮರಳೋಣ. ಅಮರಗೋಳದಲ್ಲಿ ಇಳಿದರೆ ಮಾರುಕಟ್ಟೆಯ ಲಾರಿಗಳು ಇನ್ನೂ ನಿಂತಿರುತ್ತವೆ. ಅಬ್ಬಾ ಈಗಿಲ್ಲ. ಅಮ್ಮಿ ಹೊಲಿದ ಆ ಕೌದಿ ನನ್ನ ಮನೆಯಲ್ಲಿದೆ. ಪ್ರತಿ ವರ್ಷ ಹತ್ತನೇ ತರಗತಿಯ ಹುಡುಗಿಯರಿಗೆ ಅದನ್ನು ಬಿಡಿಸಿ ತೋರಿಸಿ, ಮುಂದಿನ ಸಾಲಿಗೆ ಎಷ್ಟು ತುಂಡು ಬೇಕೆಂದು ಕೇಳುತ್ತೇನೆ. ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಯಾಕೆ ಎಂದು ಕೇಳಿದಾಗ ಒಂದು ಕ್ಷಣ ಸುಮ್ಮನಾಗುತ್ತಾರೆ. ಇಂದು ರಾತ್ರಿ ನೀವೂ ಮಗಳ ಮುಂದೆ ನಾಲ್ಕು ಬಟ್ಟೆ ತುಂಡು ಹರಡಿ ಕೇಳಿ ನೋಡಿ. ಅವಳು ಯೋಚಿಸುವಷ್ಟು ಹೊತ್ತು ಅವಳನ್ನು ಬೇರೆ ಕೆಲಸಕ್ಕೆ ಕರೆಯಬೇಡಿ.