ಕಾಲು ನಂಬಬ್ಯಾಡ, ಚುಕ್ಕಿ ನೋಡು

ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು. ಸೆಕೆ ತಡೀಲಾರದೆ ಮಾಳಿಗಿ ಮ್ಯಾಲೆ ಚಾಪಿ ಹಾಸ್ಕಂಡು ಕೂತಿದ್ವಿ. ಪಕ್ಕದ ಮನಿ ಹುಡುಗಿಗೆ ಸುಮ್ನೆ ಕೇಳಿದೆ, "ಉತ್ತರ ಯಾವ ಕಡಿಗೆ ಐತಿ ಹೇಳು ನೋಡಾಣ." ಅವಳು ಮೊಬೈಲ್ ತಗದ್ಲು. ಚಾರ್ಜ್ ಮುಗಿದಿತ್ತು. "ಹಂಗಾರೆ ಗೊತ್ತಾಗಲ್ಲ ಆಂಟಿ" ಅಂತ ನಕ್ಕಳು. ನಾನೂ ನಕ್ಕೆ. ಆದ್ರೆ ಒಂದು ಕಾಲಕ್ಕೆ ನನಗೂ ಗೊತ್ತಿರಲಿಲ್ಲ. ಅದನ್ನ ಕಲಿತ ರಾತ್ರಿ ಇವತ್ತಿಗೂ ಮರ್ತಿಲ್ಲ.

1998ರ ಏಪ್ರಿಲ್ ಕಡೇ ವಾರ. ಬಸವ ಜಯಂತಿಗೆ ಮೂರ್ನಾಲ್ಕು ದಿನ ಇತ್ತು, ಅಮಾಸಿ ಕತ್ತಲು. ಬೇಸಿಗಿ ಭತ್ತ ತೆನಿ ಕಟ್ಟಿತ್ತು. ಭದ್ರಾ ಕಾಲುವಿ ನೀರು ಪಾಳಿ ಮ್ಯಾಲೆ ಬರೋದು, ಆ ಸಲ ನಮ್ಮ ಪಾಳಿ ರಾತ್ರಿಗೆ ಬಿದ್ದಿತ್ತು. ನಮ್ಮನೆಯವ್ರು ಸಂಜಿಗೇ ನೀರು ಕಟ್ಟಾಕೆ ಹೋಗಿದ್ರು. ಬುತ್ತಿ ಕೊಟ್ಟು ಬರೋಣ ಅಂತ ನಾನೂ ನಮ್ಮ ಅತ್ತಿನೂ ಹೊಂಟ್ವಿ. ಐದು ತಿಂಗಳ ಮಗಳನ್ನ ಓಣಿ ಅಕ್ಕನ ಹತ್ರ ಬಿಟ್ಟು, "ಒಂದು ತಾಸಿನಾಗೆ ಬರ್ತೀನಿ" ಅಂದಿದ್ದೆ.

ಬುತ್ತಿ ಕೊಟ್ವಿ. ತಿರುಗಿ ಬರುವಾಗ ಬಾತಿ ಊರಿಗೆಲ್ಲ ಕರೆಂಟ್ ಹೋತು. ದೂರದಾಗೆ ಕಾಣ್ತಿದ್ದ ನಾಲ್ಕು ಲೈಟೂ ಇಲ್ಲ. ಕೈಯಾಗಿದ್ದ ಬ್ಯಾಟರಿ ಮಿಣಮಿಣ ಅಂದು ಅದೂ ಸತ್ತೋತು. ಬದು ಹಿಡಿದು ನೇರ ನಡದ್ವಿ ಅಂತ ನಾನು ತಿಳಕಂಡಿದ್ದೆ. ಎಷ್ಟೋ ಹೊತ್ತಿನ ಮ್ಯಾಲೆ ಕಾಲಿಗೆ ಮೆತ್ತಗೆ ಏನೋ ಸಿಕ್ತು. ಬಗ್ಗಿ ಮುಟ್ಟಿ ನೋಡಿದ್ರೆ, ಮೊದಲೇ ದಾಟಿ ಹೋಗಿದ್ದ ಹುಲ್ಲಿನ ಹೊರಿ! ಸುತ್ತು ಹೊಡೆದು ಅಲ್ಲಿಗೇ ಬಂದಿದ್ವಿ.

ಕೈಕಾಲು ತಣ್ಣಗಾದ್ವು. ಆ ಕಡಿಗೆ ಕಟ್ಟಿ ಇಲ್ಲದ ಒಂದು ಹಾಳು ಬಾವಿ ಐತಿ ಅನ್ನೋದು ಇಬ್ಬರಿಗೂ ಗೊತ್ತು. ಪಿ.ಬಿ. ರೋಡಿನ ಲಾರಿ ಸದ್ದು ಕೇಳ್ತಿತ್ತು, ಆದ್ರೆ ಗಾಳಿಗೆ ಒಮ್ಮೆ ಈ ಕಡಿಯಿಂದ, ಒಮ್ಮೆ ಆ ಕಡಿಯಿಂದ ಬಂದಂಗೆ. ಕೂಸಿಗೆ ಹಾಲು ಕುಡಿಸೋ ಹೊತ್ತು ಮೀರಿತ್ತು. ಎದಿ ಕಟ್ಟಿ ರವಿಕಿ ಒದ್ದಿ ಆಗಿತ್ತು. ಅಳ್ತಾ ಓಡಾಕೆ ಹೊಂಟೆ.

ಅತ್ತಿ ರಟ್ಟಿ ಹಿಡಿದು ನಿಲ್ಲಿಸಿದ್ರು. "ನಿಂದ್ರು ಬೇ. ಕಾಲು ನಂಬಬ್ಯಾಡ, ಚುಕ್ಕಿ ನೋಡು."

ನಮ್ಮ ಅತ್ತಿಗೆ ಓದು ಬರಹ ಇರಲಿಲ್ಲ. ಆದ್ರೆ ಅವತ್ತು ಅವರು ಹೇಳಿದ್ದು ಒಂದೊಂದೂ ನೆನಪೈತಿ. "ಗದ್ದಿ ಊರಿನ ತೆಂಕ್ಲಿಗೆ ಐತಿ. ಅಂದ್ಮ್ಯಾಲೆ ನಾವು ಬಡಗ್ಲಿಗೆ ಹೋಗಬೇಕು. ಏಳು ಚುಕ್ಕಿ ಎಲ್ಲದಾವು ನೋಡು." ತಲಿ ಎತ್ತಿದೆ. ಸಪ್ತರ್ಷಿ ಮಂಡಲ, ಎತ್ತರದಾಗೆ, ಹಿಡಿಕಿ ಇರೋ ಸೌಟು ಬೋರಲು ಹಾಕಿದಂಗೆ ಇತ್ತು. ಸೌಟಿನ ಹಿಡಿಕಿ ಬಿಟ್ಟು, ಆ ತುದಿಯ ಎರಡು ಚುಕ್ಕಿ ಹಿಡೀಬೇಕು. ಅವೆರಡರ ನಡುವೆ ಎಷ್ಟು ದೂರ ಐತೋ ಅದರ ಐದರಷ್ಟು ಅದೇ ಗೆರಿ ಮ್ಯಾಲೆ ಕೆಳಗಿಳಿದ್ರೆ ಧ್ರುವ ನಕ್ಷತ್ರ.

ನನಗೆ ಧ್ರುವ ಕಾಣಲಿಲ್ಲ. ಆ ಕಡಿಗೆ ತೆಂಗಿನ ಸಾಲು. "ಕಾಣದಿದ್ರೂ ಅಲ್ಲೇ ಐತಿ, ಎಲ್ಲಿಗೂ ಹೋಗಾಂಗಿಲ್ಲ" ಅಂದ್ರು ಅತ್ತಿ. ಆಮ್ಯಾಲೆ ಎಡಗೈ ಕಡಿಗೆ ತೋರಿಸಿದ್ರು. ಮೃಗಶಿರದ ಸಾಲಾಗಿರೋ ಮೂರು ಚುಕ್ಕಿ ಮುಳುಗಾಕೆ ಬಂದಿದ್ವು. ಅದು ಪಡುವ್ಲು. ಎರಡೂ ತಾಳಿ ಆತು. ಅವತ್ತು ಇಪ್ಪತ್ತು ಹೆಜ್ಜಿ ಇಡೋದು, ನಿಂತು ಮ್ಯಾಲೆ ನೋಡೋದು, ಮತ್ತೆ ಇಪ್ಪತ್ತು ಹೆಜ್ಜಿ. ಹಂಗೇ ಬಂಡಿ ದಾರಿ ಸಿಕ್ತು, ಊರು ಸಿಕ್ತು. ಮಗಳು ಅತ್ತು ಅತ್ತು ಸುಸ್ತಾಗಿ ಓಣಿ ಅಕ್ಕನ ಹೆಗಲ ಮ್ಯಾಲೆ ಬಿದ್ದಿದ್ಲು.

ಏನೋ ಗಾಳಿ ಗೀಳಿ ದಾರಿ ತಪ್ಪಿಸಿತು ಅಂತ ಬಾಳ ವರ್ಷ ತಿಳಕಂಡಿದ್ದೆ. ಹಂಗೇನಲ್ಲ. 2009ರಾಗೆ ಜರ್ಮನಿಯ ವಿಜ್ಞಾನಿಗಳು ಜನರನ್ನ ಕಾಡಿನಾಗೆ, ಮರಳುಗಾಡಿನಾಗೆ ನಡೆಸಿ ನೋಡಿದ್ರಂತೆ. ಸೂರ್ಯ ಚಂದ್ರ ಕಾಣುವಾಗ ನೇರ ನಡೆದವರು, ಅವು ಕಾಣದಾದಾಗ ನೇರ ಹೋಗ್ತಿದೀವಿ ಅಂದ್ಕಂಡೇ ಸುತ್ತು ಹೊಡೆದ್ರಂತೆ. ಅತ್ತಿ ಮಾತು ಎಷ್ಟು ಖರೇ ನೋಡ್ರಿ.

ಈಗ ನಿಮಗೂ ಹೇಳಿ ಬಿಡ್ತೀನಿ, ಮಕ್ಕಳಿಗೂ ತೋರಿಸ್ರಿ. ಧ್ರುವ ಅಂದ್ರೆ ಎಲ್ಲಕಿಂತ ಹೊಳೆಯೋ ಚುಕ್ಕಿ ಅಂತ ಬಾಳ ಜನ ಬೆಳ್ಳಿ ಚುಕ್ಕಿ ನೋಡಿ ಮೋಸ ಹೋಗ್ತಾರೆ. ಧ್ರುವದ್ದು ಸಾಧಾರಣ ಬೆಳಕು. ಭೂಮಧ್ಯರೇಖೆಯಿಂದ ನಾವು ಎಷ್ಟು ಡಿಗ್ರಿ ಉತ್ತರಕ್ಕೆ ಇದೀವೋ, ಸುಮಾರು ಅಷ್ಟೇ ಡಿಗ್ರಿ ಎತ್ತರಕ್ಕೆ ಅದು ಕಾಣ್ತದೆ. ದೆಹಲಿಯಾಗೆ 28 ಡಿಗ್ರಿ ದಾಟ್ತದೆ. ನಮ್ಮ ದಾವಣಗೆರಿ ಹರಿಹರದ ಕಡಿಗೆ ಬರೀ ಹದಿನಾಲ್ಕೂವರಿ. ಕೈ ನೇರ ಚಾಚಿ ಮುಷ್ಟಿ ಹಿಡಿದ್ರೆ, ಒಂದು ಮುಷ್ಟಿ ಅಗಲ ಹೆಚ್ಚುಕಮ್ಮಿ ಹತ್ತು ಡಿಗ್ರಿ. ಅಂದ್ರೆ ನೆಲದ ಅಂಚಿನಿಂದ ಒಂದೂವರೆ ಮುಷ್ಟಿ ಮ್ಯಾಲೆ, ಅಷ್ಟೇ. ಅದಕ್ಕೇ ತೆಂಗು, ಗುಡ್ಡ, ಮನಿ ಏನಾದ್ರೂ ಅಡ್ಡ ಬರ್ತದೆ. ಸಪ್ತರ್ಷಿಯಿಂದ ಗೆರಿ ಇಳಿಸೋದು ನಮಗೆ ಬೇಕೇ ಬೇಕು.

ಆ ಏಳು ಚುಕ್ಕಿ ಏಪ್ರಿಲ್, ಮೇ ತಿಂಗಳಾಗೆ ರಾತ್ರಿ ಒಂಬತ್ತರ ಹೊತ್ತಿಗೆ ಚಂದ ಕಾಣ್ತಾವು. ದೀಪಾವಳಿ ಹೊತ್ತಿಗೆ ಸಂಜಿ ಹುಡುಕಿದ್ರೆ ಸಿಗಲ್ಲ, ಕೆಳಗೆ ಇಳಿದಿರ್ತಾವು. ಆಗ ಉತ್ತರಕ್ಕೆ ಐದು ಚುಕ್ಕಿ ಇಂಗ್ಲಿಷಿನ ಎಂ ಅಕ್ಷರದಂಗೆ ನಿಂತಿರ್ತಾವು, ಧ್ರುವ ಅದರ ಕೆಳಗೆ. ಇನ್ನು ಮೂರು ಚುಕ್ಕಿ ಡಿಸೆಂಬರ್ ನಡುವೆ ಕತ್ತಲಾಗ್ತಿದ್ದಂಗೆ ಮೂಡ್ತಾವು. ಯಾವ ದೇಶದಾಗೆ ನಿಂತು ನೋಡಿದ್ರೂ ಅವು ಹೆಚ್ಚುಕಮ್ಮಿ ನೇರ ಪೂರ್ವಕ್ಕೇ ಹುಟ್ಟಿ, ನೇರ ಪಶ್ಚಿಮಕ್ಕೇ ಮುಳುಗ್ತಾವು.

ಯಾವ ದೇಶ ಅಂದಾಗ ಮಗಳ ಮಾತು ಬಂತು. ಅವತ್ತು ಹಾಲಿಗೆ ಅತ್ತ ಕೂಸು 2023ರಾಗೆ ಮದುವಿ ಆಗಿ ಮೆಲ್ಬರ್ನಿಗೆ ಹೋತು. ಮದುವಿ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅರುಂಧತಿ ತೋರಿಸಿದ್ರು. "ಕಾಣ್ತಾ ತಾಯಿ?" ಅಂದ್ರೆ ಸುಡು ಬಿಸಿಲು ನೋಡಿ "ಹೂಂ, ಕಾಣ್ತು" ಅಂದ್ಲು! ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ಅಲ್ಲಿಗೆ ಹೋದ ಮ್ಯಾಲೆ ಒಂದು ರಾತ್ರಿ ಫೋನ್ ಮಾಡಿದ್ಲು. "ಅವ್ವ, ಇಲ್ಲಿ ಧ್ರುವನೂ ಇಲ್ಲ, ಅರುಂಧತಿನೂ ಇಲ್ಲ. ಯಾವತ್ತೂ ಹುಟ್ಟಲ್ಲಂತೆ. ತ್ರಿಶಂಕು ಮಾತ್ರ ವರ್ಷವೆಲ್ಲ ಇರ್ತದೆ. ನಾನೂ ಹಂಗೇ, ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲ." ನಗ್ತಾನೇ ಅಂದ್ಲು. ನನಗೆ ನಗು ಬರಲಿಲ್ಲ.

ಆವತ್ತಿಂದ ತ್ರಿಶಂಕು ಹುಡುಕಾಕೆ ಹತ್ತಿದೆ. ಅದು ಬಾತಿಗೂ ಕಾಣ್ತದೆ ಅಂತ ಗೊತ್ತಾದಾಗ ಆದ ಸಂತೋಷ ಹೇಳಕಾಗಲ್ಲ. ಏಪ್ರಿಲ್ ಕಡೀಗೆ ರಾತ್ರಿ ಹನ್ನೊಂದರ ಹೊತ್ತಿಗೆ ದಕ್ಷಿಣಕ್ಕೆ ತಿರುಗ್ರಿ. ನಾಲ್ಕು ಚುಕ್ಕಿ, ಗಾಳಿಪಟದಂಗೆ, ನೆಟ್ಟಗೆ ನಿಂತಿರ್ತಾವು. ಎತ್ತರನೂ ಹೆಚ್ಚುಕಮ್ಮಿ ಒಂದೂವರೆ ಮುಷ್ಟಿ! ಹಿಂದೆ ತಿರುಗಿದ್ರೆ ಅಷ್ಟೇ ಎತ್ತರಕ್ಕೆ ಧ್ರುವ. ಮೆಲ್ಬರ್ನಿನಾಗೆ ಒಂದೇ ಕಾಣೋದು. ನಮ್ಮ ಮಾಳಿಗಿ ಮ್ಯಾಲೆ ಎರಡೂ ಕಾಣ್ತಾವು.

ಮೊನ್ನೆ ಕರೆಂಟ್ ಇಲ್ಲದ ರಾತ್ರಿ, ಪಕ್ಕದ ಮನಿ ಹುಡುಗಿಗೆ ಉತ್ತರ ತೋರಿಸಿ ಕಳಿಸಿದ ಮ್ಯಾಲೆ, ನಾನು ದಕ್ಷಿಣಕ್ಕೆ ತಿರುಗಿ ಕೂತೆ. ನಮಗೆ ಹನ್ನೊಂದು ಅಂದ್ರೆ ಅವಳಿಗೆ ಬೆಳಗಿನ ಜಾವ ಮೂರೂವರಿ. ಅವಳ ಮಡಿಲಾಗೂ ಈಗ ಒಂದು ಕೂಸು ಐತಿ. ಹಾಲು ಕುಡಿಸಾಕೆ ಎದ್ದಿರ್ತಾಳೆ.